ಗುಮಾನಿ ಕಪ್ತಾನನ ಸಮುದ್ರ

ಬಂದರಿನಲ್ಲಿ ಎದುರಿಗೆ ಎಲ್ಲರೂ ಅವರನ್ನು ಕಪ್ತಾನರೇ ಎನ್ನುತ್ತಿದ್ದರು. ಬೆನ್ನ ಹಿಂದೆ ಗುಮಾನಿ ಕಪ್ತಾನ. ಬೆನ್ನ ಹಿಂದೆ ತಮಗೆ ಬೇರೊಂದು ಹೆಸರಿದೆ ಎಂಬುದು ಅವರಿಗೂ ಗೊತ್ತಿತ್ತು. ಯಾವುದೆಂದು ಪತ್ತೆ ಮಾಡಲು ಎಷ್ಟೋ ಸಲ ನಡೆಯುತ್ತ ನಡೆಯುತ್ತ ಗಕ್ಕನೆ ಹಿಂದಿರುಗಿ ನೋಡಿದ್ದುಂಟು. ಹಾಗೆ ನೋಡುವುದರಿಂದಲೇ ಆ ಹೆಸರು ಬಂತೆಂದು ಹೇಳುವ ಎದೆಗಾರಿಕೆ ಯಾರಿಗೂ ಇರಲಿಲ್ಲ.

ಗುಮಾನಿ ಅವರಿಗೆ ಹುಟ್ಟಿನಿಂದ ಬಂದದ್ದು. ಯಾರಾದರೂ "ಚೆನ್ನಾಗಿದೀರಾ?" ಎಂದರೆ "ಯಾಕೆ, ಯಾರು ಏನು ಹೇಳಿದ್ರು?" ಎಂದು ಕೇಳುವ ಜನ. ಮೀಸೆ ಕತ್ತರಿಸುವವನು ಕುರ್ಚಿಯ ಹಿಂದೆ ಹೋದರೆ ಅವರೂ ಕುರ್ಚಿಯ ಸಮೇತ ತಿರುಗುತ್ತಿದ್ದರು. ಮದುವೆಗೆ ಹೆಣ್ಣಿನ ಕಡೆಯವರು ಒಂದೇ ಮಾತಿಗೆ ಒಪ್ಪಿಬಿಟ್ಟದ್ದು ಅವರ ಜೀವನದ ಅತಿ ದೊಡ್ಡ ಅನುಮಾನ. "ಇಷ್ಟು ಬೇಗ ಯಾಕೆ ಒಪ್ಪಿದ್ರು ಅಂತ ಇವರು ಇವತ್ತಿಗೂ ಕಾರಣ ಹುಡುಕ್ತಾ ಇದಾರೆ," ಎಂದು ಅವರ ಹೆಂಡತಿ ನೆಂಟರ ಮುಂದೆ ಹೇಳುತ್ತಿದ್ದರು. "ಸಿಕ್ಕಿದ್ರೆ ನಂಗೂ ಹೇಳಿ ಅಂದಿದೀನಿ."

ಇಂಥ ಮನುಷ್ಯ ಪೂರ್ತಿಯಾಗಿ ನಂಬಿದ್ದು ಸಮುದ್ರವೊಂದನ್ನೇ. ಅದು ಮೋಸ ಮಾಡುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವುದರಿಂದ ಅದರಲ್ಲಿ ಮುಚ್ಚುಮರೆ ಇಲ್ಲ ಎಂಬುದು ಅವರ ವಾದ. ಅವರದು ಎರಡು ಕಂಬದ ಹಳೆಯ ಹಾಯಿಹಡಗು. ಹೋಗುವಾಗ ಉಪ್ಪು, ಬರುವಾಗ ಹಂಚು. ಧಣಿಯ ಮಿಕ್ಕ ಹಡಗುಗಳೆಲ್ಲ ಎಂಜಿನ್ನಿಗೆ ತಿರುಗಿ ಹೊಗೆ ಕಾರುತ್ತಿದ್ದವು. ಇದೊಂದು ಹಾಗೇ ಉಳಿದದ್ದು ತಮ್ಮ ಮೇಲಿನ ಗೌರವಕ್ಕೆ ಎಂದು ಕಪ್ತಾನರು ತಿಳಿದಿದ್ದರು. ಎಂಜಿನ್ನನ್ನು ತಡೆದುಕೊಳ್ಳುವಷ್ಟು ಗಟ್ಟಿ ತಳ ಅದಕ್ಕಿಲ್ಲ ಎಂದು ಧಣಿಯ ಗುಮಾಸ್ತ ತಿಳಿದಿದ್ದ.

ನಂಬಿದ ಆ ಸಮುದ್ರವೇ ಈಚೆಗೆ ಮಸುಕಾಗತೊಡಗಿತ್ತು. ಕಪ್ತಾನರು ಮೊದಲು ದುರ್ಬೀನಿನ ಗಾಜು ಕೊಳೆಯಾಗಿದೆ ಎಂದುಕೊಂಡು ಒರೆಸಿದರು. ಆಮೇಲೆ ಯಾರೋ ಒಳ್ಳೆಯ ದುರ್ಬೀನನ್ನು ಕದ್ದು ಅದೇ ಥರದ ಕೆಟ್ಟದ್ದನ್ನು ಇಟ್ಟಿದ್ದಾರೆ ಎಂದುಕೊಂಡು ಅಡುಗೆಯವನ ಪೆಟ್ಟಿಗೆ ಹುಡುಕಿಸಿದರು. ಕೊನೆಗೆ ಗುರುತಿನವರಿಲ್ಲದ ಇನ್ನೊಂದು ಊರಿನಲ್ಲಿ ಕಣ್ಣಿನ ಡಾಕ್ಟರು, "ಎರಡೂ ಕಣ್ಣಲ್ಲಿ ಪೊರೆ ಬೆಳೆದಿದೆ, ತೆಗೆಸಿಬಿಡಿ" ಎಂದರು. ಕಪ್ತಾನರಿಗೆ ಡಾಕ್ಟರ ಮೇಲೇ ಗುಮಾನಿ ಬಂತು. "ನನ್ನ ಮುಂದೆ ಹೋದವನಿಗೂ ಪೊರೆ ಅಂದ, ಅವನ ಮುಂದಿನವನಿಗೂ ಪೊರೆ ಅಂದ. ಬಾಯಿಪಾಠ ಮಾಡಿಕೊಂಡಿದಾನೆ."

ನಿಜವಾದ ಭಯ ಡಾಕ್ಟರದಲ್ಲ. ಕಪ್ತಾನನಿಗೆ ಕಣ್ಣು ಕಾಣುವುದಿಲ್ಲ ಎಂದು ಧಣಿಗೆ ತಿಳಿದ ದಿನವೇ ಹಡಗು ಇನ್ನೊಬ್ಬನ ಕೈಗೆ ಹೋಗುತ್ತದೆ. ಹೋದದ್ದು ತಿರುಗಿ ಬರುವುದಿಲ್ಲ. ಆಮೇಲೆ ತಾನೂ ಬಂದರಿನ ಕಟ್ಟೆಯ ಮೇಲೆ ಕುಳಿತು ದಾರಿಹೋಕರಿಗೆ ಹಳೆಯ ಬಿರುಗಾಳಿಗಳ ಕಥೆ ಹೇಳುವ ಮುದುಕರಲ್ಲಿ ಒಬ್ಬ. ಆ ಮುದುಕರ ಒಂದು ಕಥೆಯನ್ನೂ ಅವರು ಇದುವರೆಗೆ ನಂಬಿದವರಲ್ಲ.

ಹೀಗಾಗಿ ಗುಟ್ಟು ಒಬ್ಬನಿಗೆ ಮಾತ್ರ ಗೊತ್ತಿತ್ತು. ಅವನು ಹೆಂಡತಿಯ ತಮ್ಮ, ಹಡಗಿನಲ್ಲಿ ಅವರ ಬಲಗೈ. ಹೆಂಡತಿಗೆ ಹೇಳಿರಲಿಲ್ಲ. ಅವಳಿಗೆ ಹೇಳಿದರೆ ನಾಳೆಯೇ ಆಸ್ಪತ್ರೆ ಎನ್ನುತ್ತಾಳೆ. ಮೈದುನ ಮತ್ತು ಕಪ್ತಾನರು ಸೇರಿ ಒಂದು ಏರ್ಪಾಡು ಮಾಡಿಕೊಂಡಿದ್ದರು. ಎದುರಿಗೆ ಹಡಗೋ ದೋಣಿಯೋ ಕಂಡರೆ ಮೈದುನ ಕೆಮ್ಮಬೇಕು. ನೆಲ ಕಂಡರೆ ಗಂಟಲು ಸರಿಮಾಡಿಕೊಳ್ಳಬೇಕು. ದೀಪಸ್ತಂಭ ಕಂಡರೆ ಆಕಳಿಸಬೇಕು. ಉಳಿದದ್ದನ್ನು ಕಪ್ತಾನರು ಕತ್ತಿನ ಮೇಲೆ ಬೀಸುವ ಗಾಳಿಯಿಂದ, ಹಾಯಿಯ ಪಟಪಟ ಸದ್ದಿನಿಂದ, ಅಂಗಾಲಿಗೆ ತಿಳಿಯುವ ಹಲಗೆಯ ಓಲಾಟದಿಂದ ನಿಭಾಯಿಸುತ್ತಿದ್ದರು. ದುರ್ಬೀನು ಮಾತ್ರ ಸದಾ ಕಣ್ಣಿಗೆ. ದುರ್ಬೀನು ಹಿಡಿದವನನ್ನು ಏನಾದರೂ ಕಾಣಿಸುತ್ತದೆಯೇ ಎಂದು ಕೇಳುವವರು ಯಾರು?

ಹೀಗಿರುವಾಗ ಧಣಿ ಕರೆಸಿದರು. ಧಣಿ ಹೊಸ ಕಚೇರಿ ಕಟ್ಟಿಸುತ್ತಿದ್ದರು. ಬಾಗಿಲ ಎದುರಿನ ಗೋಡೆ ಖಾಲಿ ಇತ್ತು. ಖಾಲಿ ಗೋಡೆ ಧಣಿಗೆ ಅವಮಾನದ ಹಾಗೆ ಕಾಣುತ್ತಿತ್ತು.

"ನೋಡಿ ಕಪ್ತಾನರೇ, ಈ ಸಲ ನಿಮ್ಮ ಜೊತೆ ಒಬ್ಬರು ಚಿತ್ರ ಬರೆಯೋರು ಬರ್ತಾರೆ. ಹಡಗಿನ ಮೇಲೇ ಕೂತು ಸಮುದ್ರ, ಆಕಾಶ ಎರಡನ್ನೂ ಬರೀತಾರೆ."

"ಸಮುದ್ರ, ಆಕಾಶ," ಎಂದರು ಕಪ್ತಾನರು. "ಮತ್ತೆ?"

"ಮತ್ತೇನು, ಅಷ್ಟೆ."

"ಅವೆರಡು ಈ ದಡದಿಂದಲೂ ಕಾಣತ್ತಲ್ಲ, ಧಣಿಗಳೇ."

"ದಡದಿಂದ ಎಲ್ಲರೂ ಬರೀತಾರೆ. ನಮ್ಮದು ನಮ್ಮ ಹಡಗಿನಿಂದ ನಮ್ಮ ಸಮುದ್ರ. ಅವರ ಕಣ್ಣು ಬಹಳ ಸೂಕ್ಷ್ಮ ಕಪ್ತಾನರೇ. ಏನೂ ತಪ್ಪಿಸಿಕೊಳ್ಳೋಲ್ಲ."

ಕಪ್ತಾನರು ಕೈಮುಗಿದು ಎದ್ದರು. ಹೊರಗೆ ಬಂದವರೇ ಮೈದುನನ ತೋಳು ಹಿಡಿದು ಗೋದಾಮಿನ ಮರೆಗೆ ಎಳೆದುಕೊಂಡು ಹೋದರು.

"ಗೊತ್ತಾಗಿದೆ ಕಣೋ. ಪತ್ತೆ ಮಾಡೋಕೆ ಆಳು ಕಳಿಸ್ತಾ ಇದಾರೆ."

"ಭಾವ, ಚಿತ್ರ ಬರೆಯೋನು ಅಂತ ತಾನೇ ಅಂದಿದ್ದು?"

"ಬುದ್ಧಿ ಇರೋ ಯಾವನಾದ್ರೂ ನೀರಿನ ಚಿತ್ರ ಬರೆಸ್ತಾನೇನೋ? ನೀನಂತೂ ಬಾಯಿಗೆ ಬೀಗ ಹಾಕ್ಕೊಂಡಿರು. ಕೆಮ್ಮೋದೊಂದು ಬಿಟ್ಟು."

ಹಡಗು ಹೊರಡುವ ಬೆಳಿಗ್ಗೆ ಬಂದ ಚಿತ್ರಕಾರನಿಗೆ ಪತ್ತೇದಾರನ ಲಕ್ಷಣ ಯಾವುದೂ ಇರಲಿಲ್ಲ. ಇದೇ ಕಪ್ತಾನರಿಗೆ ಮೊದಲ ಸಾಕ್ಷಿಯಾಯಿತು. ಐವತ್ತರ ಆಚೀಚೆಯ ಸಣಕಲು ಮನುಷ್ಯ, ಕಂಕುಳಲ್ಲಿ ಕ್ಯಾನ್ವಾಸಿನ ಸುರುಳಿ, ಕೈಯಲ್ಲಿ ಬಿಸ್ಕತ್ತಿನ ತಗಡಿನ ಡಬ್ಬದ ತುಂಬ ಬಣ್ಣ. ಅದರಲ್ಲಿ ಮುಕ್ಕಾಲು ಪಾಲು ನೀಲಿ. ವೃತ್ತಿಯಿಂದ ಅವನು ಫೋಟೋ ಸ್ಟುಡಿಯೋಗಳಿಗೆ ಹಿನ್ನೆಲೆಯ ಪರದೆ ಬರೆಯುವವನು. ನಗರದ ಎಷ್ಟು ಮದುಮಕ್ಕಳು, ಎಷ್ಟು ಹಸುಗೂಸುಗಳು ಅವನ ನೀಲಿ ಸಮುದ್ರದ ಮುಂದೆ ನಿಂತು ಫೋಟೋ ತೆಗೆಸಿಕೊಂಡಿದ್ದವೋ ಲೆಕ್ಕವಿಲ್ಲ. ಧಣಿ ತಮ್ಮ ಫೋಟೋ ತೆಗೆಸಿಕೊಂಡದ್ದೂ ಅದರ ಮುಂದೆಯೇ. ಅಲ್ಲಿಯೇ ಈ ಯೋಚನೆ ಹುಟ್ಟಿದ್ದು. ವಿಷಯವೇನೆಂದರೆ ಅವನು ನಿಜವಾದ ಸಮುದ್ರವನ್ನು ಈವರೆಗೆ ನೋಡಿಯೇ ಇರಲಿಲ್ಲ.

ಇದನ್ನು ಅವನೇ ನಾಚಿಕೊಂಡು ಹೇಳಿದ. ಕಪ್ತಾನರು ನಂಬಲಿಲ್ಲ.

ಬಂದರು ದಾಟುತ್ತಲೇ ಚಿತ್ರಕಾರನಿಗೆ ಹೊಟ್ಟೆ ತೊಳಸಿತು. ಹಡಗು ಕಡಿಮೆ ಓಲಾಡುವ ಜಾಗ ಯಾವುದೆಂದು ಅಡುಗೆಯವನನ್ನು ಕೇಳಿದ. ಅಡುಗೆಯವನು ಚುಕ್ಕಾಣಿಯ ಪಕ್ಕ ತೋರಿಸಿದ. ಚಿತ್ರಕಾರ ಅಲ್ಲೇ ತನ್ನ ಸ್ಟೂಲನ್ನು ಹಗ್ಗದಿಂದ ಬಿಗಿಸಿ, ಸ್ಟೂಲಿಗೆ ತನ್ನನ್ನೂ ಬಿಗಿಸಿಕೊಂಡು ಕುಳಿತ. ಇಷ್ಟು ದೊಡ್ಡ ಹಡಗಿನಲ್ಲಿ ಕಪ್ತಾನನ ಮೊಣಕೈಗೆ ತಾಗುವ ಜಾಗವೇ ಬೇಕಾಯಿತೇ ಎಂದು ಕಪ್ತಾನರು ಗುರುತು ಹಾಕಿಕೊಂಡರು. ಅವನು ಹೆಬ್ಬೆಟ್ಟು ನಿಗುರಿಸಿ, ಒಂದು ಕಣ್ಣು ಮುಚ್ಚಿ ಏನನ್ನೋ ಅಳೆಯುತ್ತಿದ್ದ. ಅದನ್ನೂ ಗುರುತು ಹಾಕಿಕೊಂಡರು. ಸಂಜೆಯಾದರೆ ಚಿತ್ರದ ಮೇಲೆ ಬಟ್ಟೆ ಮುಚ್ಚುತ್ತಿದ್ದ. ಬರೀ ನೀರನ್ನು ಯಾರಾದರೂ ಮುಚ್ಚಿಡುತ್ತಾರೆಯೇ?

ಮಾರನೆಯ ದಿನ ಅವನು ಕುಂಚ ಹಿಡಿದು ಬಹಳ ಹೊತ್ತು ಸುಮ್ಮನೆ ಕುಳಿತಿದ್ದು ಕೇಳಿದ: "ಕಪ್ತಾನರೇ, ಸಮುದ್ರ ನಿಮಗೆ ಯಾವ ಬಣ್ಣವಾಗಿ ಕಾಣತ್ತೆ?"

ಬಂತು, ಎಂದುಕೊಂಡರು ಕಪ್ತಾನರು. ಡಾಕ್ಟರೂ ಹೀಗೆಯೇ ಶುರುಮಾಡಿದ್ದ. ಮೈದುನ ಕಂಬದ ಬುಡದಲ್ಲಿ ಹಗ್ಗ ಸುತ್ತುತ್ತಿದ್ದ. ಬಣ್ಣಕ್ಕೆ ಇವರ ಸಂಜ್ಞೆಯಲ್ಲಿ ಏನೂ ಇರಲಿಲ್ಲ. ಸಿಕ್ಕಿಬೀಳುವ ಮನುಷ್ಯ ತಡವರಿಸುತ್ತಾನೆ, ತಾವು ತಡವರಿಸಬಾರದು. ಕಪ್ತಾನರು ದುರ್ಬೀನು ಎತ್ತಿ ನೋಡಿ, ಕಂಡದ್ದನ್ನು ಕಂಡ ಹಾಗೆ, ಗಡಸಾಗಿ ಹೇಳಿಬಿಟ್ಟರು.

"ಚಹಾ ಬಣ್ಣ."

"ಚಹಾ?"

"ಹಾಲು ಹಾಕಿದ್ದು. ಆರಿದ್ದು."

"ನಂಗೆ ನೀಲಿಯಾಗಿ ಕಾಣ್ತಾ ಇದೆಯಲ್ಲ ಸಾರ್."

"ಹೊಸಬರಿಗೆ ಹಾಗೇ ಕಾಣೋದು."

ಚಿತ್ರಕಾರ ತನ್ನ ನೀಲಿ ಟ್ಯೂಬುಗಳನ್ನು ಒಂದು ಸಲ ನೋಡಿದ. ಜೀವಮಾನವೆಲ್ಲ ಬಳಿದ ನೀಲಿ ತನ್ನ ಕಣ್ಣನ್ನೇ ಕೆಡಿಸಿರಬೇಕು ಎನ್ನಿಸಿತು ಅವನಿಗೆ. ಸಮುದ್ರದ ಮೇಲೆಯೇ ತಲೆ ಬೆಳ್ಳಗಾದ ಮನುಷ್ಯ ಚಹಾ ಎಂದರೆ ಚಹಾ. ಟ್ಯೂಬುಗಳನ್ನು ಡಬ್ಬದ ತಳಕ್ಕೆ ಹಾಕಿ ಕಂದು ಬಣ್ಣ ಕಲಸತೊಡಗಿದ.

"ಆ ಮೋಡದ ಅಂಚು ಸಾರ್?"

"ಅಂಚೆಲ್ಲಿದೆ? ಸಮುದ್ರದ ಮೇಲೆ ಯಾವುದಕ್ಕೂ ಅಂಚು ಇರಲ್ಲ. ದಡದವರಿಗೆ ಅಂಚಿನ ಹುಚ್ಚು."

ಚಿತ್ರಕಾರನ ಕೈ ಅಲ್ಲೇ ನಿಂತಿತು. ತಾನು ಇಷ್ಟು ದಿನ ಪ್ರತಿ ಮೋಡಕ್ಕೂ ಬೆಳ್ಳಿಯ ಅಂಚು ಹಾಕಿದ್ದು ನೆನಪಾಗಿ ಅವನಿಗೆ ಮೈ ಬೆವರಿತು. "ನಿಮ್ಮ ಜೊತೆ ಬಂದಿದ್ದು ನನ್ನ ಪುಣ್ಯ ಸಾರ್," ಎಂದ.

ಬೆಣ್ಣೆ ಹಚ್ಚುತ್ತಿದ್ದಾನೆ, ಎಂದುಕೊಂಡರು ಕಪ್ತಾನರು. ಆದರೂ ಹೊಗಳಿಕೆ ಹೊಗಳಿಕೆಯೇ. ಕೇಳುವವನಿದ್ದರೆ ಹೇಳುವವನಿಗೆ ಎಷ್ಟು ಬೇಕಾದರೂ ಹೊಳೆಯುತ್ತದೆ. ಎರಡೇ ದಿನದಲ್ಲಿ ಅವರು ಕೇಳದೆಯೂ ಹೇಳತೊಡಗಿದರು. ಮುಳುಗುವ ಸೂರ್ಯ ದುಂಡಗೆ ಇರುವುದಿಲ್ಲ, ಕಾದ ಬಾಣಲೆಯ ಬೆಣ್ಣೆಯ ಹಾಗೆ ನಾಲ್ಕೂ ಕಡೆಗೆ ಹರಡುತ್ತದೆ. ದೀಪ ಎಂದರೆ ಒಂದಲ್ಲ, ಸುತ್ತ ಉಂಗುರ ಇದ್ದೇ ಇರುತ್ತದೆ. ಆಕಾಶ ಎಲ್ಲಿ ಮುಗಿಯಿತು, ನೀರು ಎಲ್ಲಿ ಶುರುವಾಯಿತು ಎಂದು ಕೇಳುವವನು ಮೂರ್ಖ. ಹೇಳುವಾಗ ಅವರ ಎದೆ ಹಾಯಿಯ ಹಾಗೆ ಉಬ್ಬುತ್ತಿತ್ತು. ಚಿತ್ರಕಾರ ಹೇಳಿದ್ದನ್ನೆಲ್ಲ ಬಳಿಯುತ್ತಿದ್ದ.

ಉಪ್ಪು ಇಳಿಸಿ ಹಂಚು ತುಂಬಿ ತಿರುಗಿ ಹೊರಟ ಮೇಲೆ ಮೈದುನನಿಗೆ ನೆಗಡಿಯಾಯಿತು. ನೆಗಡಿ ಎಂದರೆ ಸಾಮಾನ್ಯ ನೆಗಡಿಯಲ್ಲ, ಎದೆಯಿಂದ ಬರುವ ಕೆಮ್ಮು. ಅವನು ಕೆಮ್ಮಿದಾಗಲೆಲ್ಲ ಕಪ್ತಾನರು ಎದುರಿಗೆ ದೋಣಿ ಇದೆ ಎಂದು ಚುಕ್ಕಾಣಿ ತಿರುಗಿಸುತ್ತಿದ್ದರು. ಅವನು ಸನ್ನೆ ಮಾಡುವನು, ಸನ್ನೆ ಇವರಿಗೆ ಕಾಣದು. ಖಾಲಿ ಸಮುದ್ರದಲ್ಲಿ ಹಡಗು ಕುಡಿದವನ ಹಾಗೆ ಆ ಕಡೆ ಈ ಕಡೆ ಹೊಯ್ದಾಡಿತು.

"ಸಾರ್," ಎಂದ ಚಿತ್ರಕಾರ, "ಇವತ್ತು ಸೂರ್ಯ ಒಂದು ಕಡೆ ನಿಲ್ತಾ ಇಲ್ಲ. ಈಗ ಎಡಕ್ಕೆ ಬರೆದೆ, ನೋಡಿದ್ರೆ ಬಲಕ್ಕೆ ಹೋಗಿದೆ."

ಕಪ್ತಾನರಿಗೆ ಅರ್ಥವಾಯಿತು. ಇವನು ಸೂರ್ಯನನ್ನು ಹಿಡಿದು ತಮ್ಮ ದಾರಿಯನ್ನೇ ಬರೆದಿಡುತ್ತಿದ್ದಾನೆ. "ನೀವು ನಿಮ್ಮ ಸೂರ್ಯನ್ನ ಎಲ್ಲಿ ಬೇಕೋ ಅಲ್ಲಿ ಇಟ್ಕೊಳ್ಳಿ," ಎಂದರು ಹಲ್ಲು ಕಚ್ಚಿ, "ನನ್ನ ಹಡಗು ನಂಗೆ ಬಿಡಿ." ಮೈದುನನ ಕಡೆ ತಿರುಗಿ, "ನೀನು ಕೆಳಗೆ ಹೋಗಿ ಏನಾದ್ರೂ ಬಿಸಿಯಾಗಿ ಕುಡಿದು ಮಲಗೋ. ನಾನಿದೀನಿ" ಎಂದರು.

"ಭಾವ, ಹೊತ್ತು ಇಳೀತಾ ಇದೆ."

"ನಾನಿದೀನಿ ಅಂದ್ನಲ್ಲ."

ಪರರ ಮುಂದೆ ಇದಕ್ಕಿಂತ ಹೆಚ್ಚು ವಾದ ಮಾಡುವ ಹಾಗಿರಲಿಲ್ಲ. ಮೈದುನ ಕೆಳಗಿಳಿದ. ಖಲಾಸಿಗಳು ಹಿಂಭಾಗದಲ್ಲಿ ಹರಿದ ಹಾಯಿ ಹೊಲಿಯುತ್ತಿದ್ದರು. ಚುಕ್ಕಾಣಿಯ ಹತ್ತಿರ ಇಬ್ಬರೇ ಉಳಿದರು. ಒಬ್ಬ ನೋಡುತ್ತಿದ್ದ, ಒಬ್ಬರು ನೋಡುವ ಹಾಗೆ ನಿಂತಿದ್ದರು.

ಸೂರ್ಯ ಬೆಣ್ಣೆಯಾಗುವ ಹೊತ್ತು. ಗಾಳಿ ಹಿತವಾಗಿತ್ತು. ಚಿತ್ರಕಾರ ಕೇಳಿದ: "ಕಪ್ತಾನರೇ, ಅಲ್ಲೊಂದು ಕರಿ ಚುಕ್ಕೆ ಇದೆಯಲ್ಲ, ಅದು ಚಿತ್ರದಲ್ಲಿ ಇರ್ಲಾ, ಬೇಡ್ವಾ?"

ಕಪ್ತಾನರು ದುರ್ಬೀನು ಎತ್ತಿದರು. ಚಹಾ ಇತ್ತು, ಬೆಣ್ಣೆ ಇತ್ತು, ಚುಕ್ಕೆ ಇರಲಿಲ್ಲ. ಇಲ್ಲದ ಚುಕ್ಕೆ ಇದೆ ಎನ್ನಿಸಿ ಸಿಕ್ಕಿಸಲು ನೋಡುತ್ತಿದ್ದಾನೆ. ಇಂಥವನ್ನು ಅವರು ಎಷ್ಟು ಕಂಡಿಲ್ಲ.

"ಬೇಡ," ಎಂದರು. "ಆಕಾಶ ಕೆಡತ್ತೆ."

"ನಾನೂ ಹಾಗೇ ಅಂದ್ಕೊಂಡೆ." ಸ್ವಲ್ಪ ಹೊತ್ತು ಕುಂಚದ ಸದ್ದು. "ಆದ್ರೆ ದೊಡ್ಡದಾಗ್ತಾ ಇದೆ ಸಾರ್."

"ಸಂಜೆ ಹೊತ್ತು ಎಲ್ಲಾ ದೊಡ್ಡದಾಗೇ ಕಾಣೋದು."

"ಅದಕ್ಕೆ ಕೈ ಇದೆ ಸಾರ್."

ಕಪ್ತಾನರು ಮತ್ತೆ ದುರ್ಬೀನು ಎತ್ತುವಷ್ಟರಲ್ಲಿ ಕೆಳಗಿನಿಂದ ಮೆಟ್ಟಿಲ ಮೇಲೆ ಧಡಧಡ ಸದ್ದಾಯಿತು. ಮೈದುನ ಕೆಳಗಿನ ಕಿಂಡಿಯಿಂದ ಹೇಗೋ ಅದನ್ನು ಕಂಡಿದ್ದ. ಅವನು ಒಂದೇ ಏಟಿಗೆ ಬಂದು ಚುಕ್ಕಾಣಿಯ ಮೇಲೆ ಬಿದ್ದು ಪೂರ್ತಿ ತಿರುಗಿಸಿದ. ಹಾಯಿಗಳು ಬಡಿದವು, ಒಳಗೆ ಹಂಚುಗಳು ಗಡಗಡ ಸರಿದವು, ಸ್ಟೂಲಿಗೆ ಕಟ್ಟಿಕೊಂಡಿದ್ದ ಚಿತ್ರಕಾರ ಸ್ಟೂಲಿನ ಸಮೇತ ವಾಲಿದ. ಹಡಗಿನ ಮಗ್ಗುಲಲ್ಲಿ, ಕಪ್ತಾನರ ಕಿವಿಯ ಬುಡದಲ್ಲೇ ಎನ್ನುವಷ್ಟು ಹತ್ತಿರದಲ್ಲಿ, ಒಂದು ಧ್ವನಿ ಕೇಳಿಸಿತು.

"ಕಣ್ಣು ಕಾಣಲ್ವೇನ್ರೋ ನಿಮಗೆ?"

ಬೆನ್ನಿಗೇ ಇನ್ನೊಂದು ಧ್ವನಿ, ಮುದುಕನದು, ಯಾರ ಹೆಸರೋ ಕೂಗಿತು. ಆಮೇಲೆ ನೀರು ಮಾತ್ರ. ಧ್ವನಿ ಹೋದ ಕಡೆಗೆ ಕಪ್ತಾನರು ದುರ್ಬೀನು ಹಿಡಿದೇ ನಿಂತಿದ್ದರು. ಇಷ್ಟು ವರ್ಷದಲ್ಲಿ ಅಪರಿಚಿತನೊಬ್ಬ ತಮ್ಮ ಬಗ್ಗೆ ಆಡಿದ ಮಾತಿನಲ್ಲಿ ಗುಮಾನಿ ಪಡಲು ಏನೂ ಇಲ್ಲದ್ದು ಅದೇ ಮೊದಲು.

"ಭಾವ," ಎಂದ ಮೈದುನ, ಏದುಸಿರು ಬಿಡುತ್ತ, ಇವರಿಗೆ ಮಾತ್ರ ಕೇಳುವ ಹಾಗೆ. "ಮೀನಿನ ದೋಣಿ. ಇಬ್ಬರಿದ್ರು. ಇದೇ ಕೊನೆ. ಇನ್ನು ನನ್ನ ಕೈಲಾಗಲ್ಲ."

ಚಿತ್ರಕಾರ ಸ್ಟೂಲು ನೆಟ್ಟಗೆ ಮಾಡಿಕೊಳ್ಳುತ್ತಿದ್ದ. "ಎಷ್ಟು ಎದೆಗಾರಿಕೆ ಸಾರ್ ನಿಮಗೆ," ಎಂದ. "ಅಷ್ಟು ಹತ್ತಿರ ಬಂದ್ರೂ ರೆಪ್ಪೆ ಅಲ್ಲಾಡಿಸಲಿಲ್ಲ."

ಇದು ಮೆಚ್ಚುಗೆಯೋ ಚುಚ್ಚುಮಾತೋ ಎಂದು ಕಪ್ತಾನರು ಆ ರಾತ್ರಿಯಿಡೀ, ಮತ್ತೆ ಊರು ಮುಟ್ಟುವವರೆಗೂ, ತಿರುಗಿಸಿ ಮುರುಗಿಸಿ ನೋಡಿದರು. ಗೊತ್ತಾಗಲಿಲ್ಲ. ಅವನು ಮತ್ತೆ ಅವರನ್ನು ಏನೂ ಕೇಳಲಿಲ್ಲ. ಚಿತ್ರ ಮುಗಿಯಿತು ಎಂದು ಬಟ್ಟೆ ಸುತ್ತಿಟ್ಟ.

ಹೊಸ ಕಚೇರಿ ತೆರೆಯುವ ದಿನ ಧಣಿ ಊರಿನ ದೊಡ್ಡವರನ್ನೆಲ್ಲ ಕರೆದಿದ್ದರು. ಚಿತ್ರವನ್ನು ಎದುರು ಗೋಡೆಗೆ ತೂಗುಹಾಕಿ ಕೆಂಪು ಬಟ್ಟೆ ಇಳಿಬಿಟ್ಟಿದ್ದರು. ಕಪ್ತಾನರು ಇಸ್ತ್ರಿ ಹಾಕಿದ ಕೋಟು ತೊಟ್ಟು ಹೆಂಡತಿಯ ಜೊತೆ ಬಂದಿದ್ದರು. ಹಿಂದೆ ಮೈದುನ. ಅಕ್ಕನಿಗೆ ಏನೂ ಹೇಳಿಲ್ಲ ಎಂದು ಅವನು ಆಣೆ ಮಾಡಿದ್ದ. ಅಷ್ಟು ಬೇಗ ಆಣೆ ಮಾಡಿದ್ದೇ ಕಪ್ತಾನರ ನಿದ್ದೆ ಕೆಡಿಸಿತ್ತು. ಚಿತ್ರದಲ್ಲಿ ತಮ್ಮ ವಿರುದ್ಧ ಏನಾದರೂ ಇದ್ದರೆ, ಇದೆಲ್ಲ ಸುಳ್ಳು, ಆ ಮನುಷ್ಯ ದಾರಿಯುದ್ದಕ್ಕೂ ವಾಂತಿ ಮಾಡುತ್ತಿದ್ದ ಎಂದು ಹೇಳಲು ಅವರು ಸಿದ್ಧವಾಗಿ ಬಂದಿದ್ದರು.

ಧಣಿ ಬಟ್ಟೆ ಎಳೆದರು.

ಚಹಾ ಬಣ್ಣದ ಮಬ್ಬೊಂದು ಗೋಡೆಯ ತುಂಬ ಹರಡಿತ್ತು. ಅದರೊಳಗೆ ಎಲ್ಲೋ ಒಂದು ಹಳದಿ ಕರಗುತ್ತಿತ್ತು. ಒಂದು ಮೂಲೆಯಲ್ಲಿ ಉಂಗುರದೊಳಗೆ ಉಂಗುರ, ನಡುವೆ ಒಂದು ಬೆಳಕು. ಮೇಲೆ ಯಾವುದು, ಕೆಳಗೆ ಯಾವುದು ಎಂದು ಹೇಳುವ ಹಾಗಿರಲಿಲ್ಲ. ಬ್ಯಾಂಕಿನ ಮ್ಯಾನೇಜರು ಕತ್ತು ವಾಲಿಸಿ ನೋಡಿದರು. ಧಣಿಯ ಮುಖ ಮೊದಲು ಇಳಿಯಿತು. ಆಮೇಲೆ ಯಾರೋ "ಹೊಸ ಶೈಲಿ" ಎಂದರು, ಇನ್ನೊಬ್ಬರು "ಏನು ಕಲ್ಪನೆ" ಎಂದರು. ಧಣಿ ತಕ್ಷಣ ಮುಖ ಎತ್ತಿ, "ನಾನೇ ಹೀಗೆ ಬರೀಬೇಕು ಅಂತ ಹೇಳಿದ್ದು" ಎಂದರು. ಗೋಡೆಯ ಪಕ್ಕ ನಿಂತಿದ್ದ ಚಿತ್ರಕಾರ ತನ್ನ ಚಪ್ಪಲಿಯನ್ನು ನೋಡಿಕೊಂಡ.

"ನಮ್ಮ ಕಪ್ತಾನರು ಹೇಳಲಿ," ಎಂದರು ಧಣಿ. "ಸಮುದ್ರ ಅರೆದು ಕುಡಿದೋರು."

ಕಪ್ತಾನರು ಎರಡು ಹೆಜ್ಜೆ ಮುಂದೆ ಹೋದರು. ಅನುಮಾನದಿಂದ ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ವಿರುದ್ಧ ಏನೂ ಇರಲಿಲ್ಲ. ಆ ಮನುಷ್ಯ ತಪ್ಪಿಲ್ಲದೆ ಬರೆದಿದ್ದ.

"ಕಲ್ಪನೆ ಎಲ್ಲಿ ಬಂತು?" ಎಂದರು ಕಪ್ತಾನರು, ಮ್ಯಾನೇಜರ ಕಡೆ ಎಂದುಕೊಂಡು ಪಕ್ಕದ ಕೋಟು ತೂಗುಹಾಕಿದ ಗೂಟದ ಕಡೆ ತಿರುಗಿ. "ಇದ್ದದ್ದು ಇದ್ದ ಹಾಗೇ ಇದೆ. ಕೂದಲೆಳೆಯಷ್ಟೂ ಹೆಚ್ಚಿಲ್ಲ, ಕಡಿಮೆ ಇಲ್ಲ. ಬೇಕಾದ್ರೆ ಈ ಕಿಟಕೀಲಿ ನೋಡಿ, ಇದೇ ಸಮುದ್ರ."

ಜನ ನಕ್ಕು ಚಪ್ಪಾಳೆ ತಟ್ಟಿದರು. ಕಪ್ತಾನರಿಗೆ ಹಾಸ್ಯಪ್ರಜ್ಞೆ ಇದೆ ಎಂದು ಊರಿಗೆ ತಿಳಿದದ್ದು ಅಂದೇ.

ನಗದಿದ್ದವರು ಇಬ್ಬರು. ಮೈದುನ ಚಾವಣಿ ನೋಡುತ್ತಿದ್ದ. ಕಪ್ತಾನರ ಹೆಂಡತಿ ಕಿಟಕಿಯತ್ತ ನೋಡಿದರು. ಹೊರಗೆ ಸ್ವಚ್ಛ ಸಂಜೆ. ಕಡು ನೀಲಿ ನೀರು, ಗೆರೆ ಎಳೆದ ಹಾಗೆ ದಿಗಂತ, ಕತ್ತರಿಸಿ ಅಂಟಿಸಿದಂಥ ಬಿಳಿ ಮೋಡ. ಅವರು ಚಿತ್ರ ನೋಡಿದರು. ಮತ್ತೆ ಕಿಟಕಿ ನೋಡಿದರು. ಆಮೇಲೆ ಗೂಟಕ್ಕೆ ಇನ್ನೂ ಏನೋ ವಿವರಿಸುತ್ತಿದ್ದ ಗಂಡನನ್ನು ನೋಡಿದರು.

"ರೀ," ಎಂದರು ಮೆಲ್ಲಗೆ, "ಮನೆಗೆ ಹೋಗೋಣ ಬನ್ನಿ," ಎಂದು ಕೈ ಹಿಡಿದುಕೊಂಡರು.

ಬೀದಿಯಲ್ಲಿ ಕೈ ಹಿಡಿದು ನಡೆಯುವ ವಯಸ್ಸು ದಾಟಿತ್ತು. ಕಪ್ತಾನರು ಅರ್ಧ ಬೀದಿಯವರೆಗೆ ತಡೆದುಕೊಂಡರು.

"ಏನು ವಿಷಯ? ಯಾಕೆ ಕೈ ಹಿಡ್ಕೊಂಡಿದೀಯಾ?"

"ಮೆಟ್ಟಿಲಿದೆ, ನೋಡಿ."

"ನಿನ್ನ ತಮ್ಮ ಹೇಳಿದ್ನಾ?"

"ಅವನು ಬಾಯಿ ಬಿಟ್ಟಿಲ್ಲ."

"ಹಾಗಾದ್ರೆ ಆ ಬಣ್ಣದವನು. ನಂಗೆ ಮೊದ್ಲೇ ಗೊತ್ತಿತ್ತು."

"ನೀವೇ ಹೇಳಿದ್ರಿ. ಊರಿನವರ ಎದುರಿಗೆ." ಅವರು ಗಂಡನನ್ನು ಮೆಟ್ಟಿಲು ಇಳಿಸಿದರು. "ಎಲ್ಲರ ಮುಖದ ಹತ್ರ ಮುಖ ಇಟ್ಟು ನೋಡ್ತಾ ಇದ್ರಲ್ಲ ಈಚೆಗೆ. ನಾನು ಗುಮಾನಿ ಜಾಸ್ತಿ ಆಗಿದೆ ಅಂದ್ಕೊಂಡೆ ಕಣ್ರೀ."

ಮನೆಯಲ್ಲಿ ಹೆಂಡತಿ ದೀಪ ಹಚ್ಚಿ ಎದುರಿಗೆ ಕುಳಿತರು. ಕಪ್ತಾನರಿಗೆ ದೀಪದ ಸುತ್ತ ಉಂಗುರ ಕಂಡಿತು, ಉಂಗುರದಾಚೆ ಹೆಂಡತಿಯ ಆಕಾರ.

"ಹಡಗು ಹೋಗತ್ತೆ," ಎಂದರು ಕಪ್ತಾನರು.

"ಹೋದ್ರೆ ಹೋಗ್ಲಿ."

"ನಿಂಗೇನು, ಹೋಗ್ಲಿ ಅಂತೀಯ." ಅವರು ಕೋಟು ಬಿಚ್ಚಿ ಮಡಿಲಲ್ಲಿಟ್ಟುಕೊಂಡರು. "ಒಂದು ದೋಣಿ ಇತ್ತಂತೆ. ಬರುವಾಗ. ಇಬ್ಬರಿದ್ರಂತೆ."

ಹೆಂಡತಿ ದೀಪವನ್ನು ಪಕ್ಕಕ್ಕೆ ಸರಿಸಿದರು.

"ನಂಗೆ ಕಾಣಲಿಲ್ಲ. ಆ ಬಣ್ಣದವನು ತೋರಿಸಿದ. ನಾನು ಸುಳ್ಳು ಹೇಳ್ತಾ ಇದಾನೆ ಅಂದ್ಕೊಂಡೆ."

ಬೆಳಿಗ್ಗೆ ಕಪ್ತಾನರು ತಾವೇ ಧಣಿಯ ಹತ್ತಿರ ಹೋದರು. ಹೋಗುವ ದಾರಿಯಲ್ಲಿ ಅವರು ಮೈದುನನಿಗೆ ಹೇಳಿದ ಕಾರಣ, ಆ ಬಣ್ಣದವನು ಚಾಡಿ ಹೇಳುವ ಮೊದಲೇ ತಾನು ಹೇಳಿಬಿಡುವುದು ಜಾಣತನ ಎಂದು. ಮೈದುನ ಹೂಂ ಎಂದ.

ಪೊರೆಯ ವಿಷಯ ಪೂರ್ತಿ ಕೇಳಿದ ಧಣಿ ಎದುರು ಗೋಡೆಯತ್ತ ನೋಡಿದರು. ಅವರ ಮುಖದ ಬಣ್ಣ ಇಳಿಯಿತು.

"ಅಂದ್ರೆ, ಈ ಚಿತ್ರದಲ್ಲಿರೋದು..."

"ನಂಗೆ ಕಾಣೋದು, ಧಣಿಗಳೇ. ಕೇಳ್ತಾ ಇದ್ದ, ಹೇಳ್ತಾ ಇದ್ದೆ."

"ಬ್ಯಾಂಕಿನವರು ಇಂಥದ್ದೇ ಒಂದು ಬೇಕು ಅಂತ ನಿನ್ನೆ ಕೇಳಿದಾರೆ." ಧಣಿ ಎದ್ದು ಹೋಗಿ ಬಾಗಿಲು ಹಾಕಿದರು. "ಕಪ್ತಾನರೇ, ಈ ಪೊರೆಯ ಮಾತು ಈ ಕೋಣೆ ದಾಟಬಾರದು. ನಿಮ್ಮನ್ನ ತೆಗೆದ್ರೆ ಯಾಕೆ ತೆಗೆದ್ರಿ ಅಂತ ಜನ ಕೇಳ್ತಾರೆ. ನೀವು ಸುಮ್ಮನೆ ಹೋಗಿ ಕಣ್ಣು ಮಾಡಿಸ್ಕೊಂಡು ಬನ್ನಿ. ಅಲ್ಲಿವರೆಗೂ ನಿಮ್ಮ ಮೈದುನ ಹಡಗು ನೋಡ್ಕೊಳ್ಳಲಿ."

ದೋಣಿಯ ವಿಷಯವನ್ನೂ ಕಪ್ತಾನರು ಹೇಳಿದರು. ಅದು ಧಣಿಯ ಕಿವಿಗೆ ಬಿತ್ತೋ ಇಲ್ಲವೋ; ಅವರು ಚಿತ್ರವನ್ನು ಇನ್ನೂ ನೋಡುತ್ತಿದ್ದರು.

ಆಸ್ಪತ್ರೆಯಲ್ಲಿ ಕಪ್ತಾನರು ತಮ್ಮ ಕಣ್ಣಿನಿಂದ ತೆಗೆದದ್ದನ್ನು ತೋರಿಸಬೇಕೆಂದು ಹಟ ಹಿಡಿದರು. ತೋರಿಸಿದಾಗ ಅದು ತಮ್ಮದೇ ಎಂಬುದಕ್ಕೆ ಏನು ಖಾತ್ರಿ ಎಂದು ಕೇಳಿದರು. ಪಟ್ಟಿ ಬಿಚ್ಚಿದಾಗ ಮೊದಲು ಕಂಡದ್ದು ಹೆಂಡತಿಯ ಮುಖ.

"ನಿನ್ನ ತಲೆ ಯಾವಾಗ ಇಷ್ಟು ಬೆಳ್ಳಗಾಯ್ತು?"

"ನೀವು ಕಾರಣ ಹುಡುಕ್ತಾ ಇದ್ದಾಗ," ಎಂದರು ಹೆಂಡತಿ.

ಇನ್ನೊಂದು ಕಣ್ಣೂ ಆಯಿತು. ಮೈದುನ ಒಂದು ಸುತ್ತು ಉಪ್ಪು ಒಯ್ದು ಹಂಚು ತಂದ. ಹಡಗು ಬಿಟ್ಟುಕೊಡುತ್ತಾನೋ ಇಲ್ಲವೋ ಎಂಬ ಅನುಮಾನದಲ್ಲಿ ಕಪ್ತಾನರು ಬೆಳಗಾಗುವ ಮೊದಲೇ ಬಂದರಿಗೆ ಬಂದು ನಿಂತಿದ್ದರು. ಹಲಗೆ ಇಳಿಸುತ್ತಲೇ ಅವನು ದುರ್ಬೀನನ್ನು ಅವರ ಕೈಗಿತ್ತು, "ತಗೊಳ್ಳಿ ಭಾವ, ನಂಗೆ ಕೆಮ್ಮೋ ಕೆಲಸವೇ ಸಾಕು" ಎಂದ. ಇಬ್ಬರೂ ಸರಕಿನ ಮಾತಿಗೆ ಕಚೇರಿಗೆ ಹೋದರು.

ಬಾಗಿಲು ದಾಟುತ್ತಲೇ ಕಪ್ತಾನರು ಎದುರು ಗೋಡೆಯ ಮುಂದೆ ನಿಂತುಬಿಟ್ಟರು.

"ಏನಿದು?"

"ಚಿತ್ರ, ಭಾವ. ಅದೇ ಚಿತ್ರ."

"ಇದು ಸಮುದ್ರವೇನೋ? ಯಾರೋ ಚಹಾ ಚೆಲ್ಲಿದಾರೆ. ನಾನು ಅವತ್ತೇ ಹೇಳಿರಲಿಲ್ವಾ, ಆ ಮನುಷ್ಯನ ಮೇಲೆ ಗುಮಾನಿ ಇದೆ ಅಂತ? ತೋರಿಸುವಾಗ ಒಂದು ತೋರಿಸಿ..." ಎನ್ನುತ್ತ ಹತ್ತಿರ ಹೋದವರು ಮಾತು ನಿಲ್ಲಿಸಿದರು.

ಬೆಣ್ಣೆಯಾದ ಸೂರ್ಯನ ಸ್ವಲ್ಪ ಕೆಳಗೆ, ಆ ಮಬ್ಬಿನಲ್ಲಿ ಅಂಚಿರುವ ವಸ್ತು ಒಂದೇ ಒಂದಿತ್ತು. ಉಗುರಿನಷ್ಟು ದೋಣಿ. ಬೇಡ ಎಂದದ್ದನ್ನು ಅವನು ಬರೆದಿದ್ದ. ಸೂಜಿಯಂಥ ಕುಂಚದಿಂದ, ಒಂದೊಂದು ಗೆರೆಯೂ ಬಿಡಿಬಿಡಿಯಾಗಿ ಕಾಣುವ ಹಾಗೆ. ಬಾಗಿ ಬಲೆ ಎಳೆಯುತ್ತಿರುವ ಮುದುಕ, ಅವನಿಗೆ ಏನೂ ಗೊತ್ತಿಲ್ಲ. ಇನ್ನೊಬ್ಬ ಎದ್ದು ನಿಂತು, ಚಿತ್ರ ನೋಡುವವರ ಕಡೆಗೇ, ಎರಡೂ ಕೈ ಎತ್ತಿದ್ದ.

ತೆರೆದ ದಿನ ಕಪ್ತಾನರು ಇದರ ಮುಂದೆಯೇ ನಿಂತು, ಕೂದಲೆಳೆಯಷ್ಟೂ ಹೆಚ್ಚಿಲ್ಲ ಎಂದಿದ್ದರು.

"ಎಷ್ಟು ಹತ್ತಿರ ಇದ್ರು ಕಣೋ?"

"ಬಗ್ಗಿದ್ರೆ ಅವರ ಟೋಪಿ ತೆಗೀಬಹುದಿತ್ತು, ಭಾವ."

ಕಪ್ತಾನರು ಗುಮಾಸ್ತನ ಕುರ್ಚಿ ಎಳೆದುಕೊಂಡು ಕುಳಿತರು. ಸರಕಿನ ಮಾತಿಗೆ ಧಣಿ ಕರೆದರೂ ಏಳಲಿಲ್ಲ. ಮೈದುನನನ್ನು ಕೇಳಿದರು: "ಅವನ ಸ್ಟುಡಿಯೋ ಎಲ್ಲಿದೆ?"

"ಯಾಕೆ ಭಾವ?"

"ಅವನಿಗೆ ಆವಾಗ್ಲೇ ಎಲ್ಲಾ ಗೊತ್ತಿತ್ತು ಅಂತ ನಂಗೆ ಗುಮಾನಿ," ಎಂದರು ಕಪ್ತಾನರು, ಚಿತ್ರದಿಂದ ಕಣ್ಣು ತೆಗೆಯದೆ. "ಮುಂದಿನ ಸಲ ಬರ್ತಾನಾ ಕೇಳಬೇಕು. ಅವನ ನೀಲಿ ಎಲ್ಲಾ ಹಾಗೇ ಉಳಿದಿದೆ."